ದೋಣಿಯವರು ಚಕ್ರದ ಬೇರಿಂಗ್ ಆರಿಸಿದ್ದು

ಮಳೆಗಾಲದಲ್ಲಿ ನಮ್ಮ ಕಡೆಯ ಗಂಡಸರಿಗೆ ಕೆಲಸವಿರುವುದಿಲ್ಲ, ಅಭಿಪ್ರಾಯವಿರುತ್ತದೆ. ಕಡಲು ಕೆರಳಿರುವಷ್ಟು ದಿನ ದೋಣಿಗಳು ಬೋಳಾರದ ಹೊಳೆಬದಿಯಲ್ಲಿ ತೆಂಗಿನ ಮಡಲು ಹೊದಿಸಿದ ಮಾಡಿನಡಿ ಸಾಲಾಗಿ ನಿಂತಿರುತ್ತವೆ. ಅವುಗಳ ಮರೆಯಲ್ಲಿ ದೋಣಿಯವರು ಲುಂಗಿ ಮೇಲೆತ್ತಿ ಕಟ್ಟಿ ಕುಳಿತು, ಬೀಡಿ ಸೇದುತ್ತಾ, ಲೋಕದ ಎಲ್ಲ ವಿಷಯಗಳನ್ನೂ ತೀರ್ಮಾನಿಸುತ್ತಾರೆ. ಕೆಲವು ವರ್ಷ ರಾಜಕೀಯ, ಕೆಲವು ವರ್ಷ ಯಾರದೋ ಮನೆಯ ಪಾಲು. ಎಂಬತ್ತರ ದಶಕದ ಮೊದಲ ಭಾಗದ ಒಂದು ಮಳೆಗಾಲದಲ್ಲಿ ಅವರು ತೀರ್ಮಾನಿಸಲು ಹೊರಟದ್ದು ಕಾರಿನ ಮುಂದಿನ ಚಕ್ರಕ್ಕೆ ಯಾವ ಬೇರಿಂಗ್ ಹಾಕಬೇಕೆಂದು. ಅವರಲ್ಲಿ ಒಬ್ಬರ ಬಳಿಯೂ ಕಾರಿರಲಿಲ್ಲ. ಇದರಿಂದ ಚರ್ಚೆಗೆ ಅಡ್ಡಿಯಾಗಲಿಲ್ಲ.

ಕಾರು ಕಟ್ಟಲು ಹೊರಟವನು ನನ್ನ ಅಣ್ಣ. ನಾನು ಆಗ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಡ್ರಿಲ್ ಟೀಚರ್. ಗಂಡ ಗಲ್ಫಿನಲ್ಲಿದ್ದ ಕಾರಣ ನಾನು ತಾಯಿಮನೆಯಲ್ಲೇ ಇದ್ದೆ. ನಮ್ಮ ಜನರಲ್ಲಿ ಇದು ವಿಶೇಷವಲ್ಲ. ಮನೆ ತಾಯಿಯದ್ದು, ಮಾತು ಸೋದರಮಾವನದ್ದು. ಮನೆಯೊಳಗಿನ ನಮ್ಮ ಭಾಷೆ ತುಳು. ಇಲ್ಲಿ ಅದನ್ನು ಕನ್ನಡಕ್ಕೆ ತಂದಿದ್ದೇನೆ, ಖಾರ ಸ್ವಲ್ಪ ಕಡಿಮೆಯಾಗಿದೆ.

ಮಾವನಿಗೆ ಒಂದು ಟ್ರಾಲ್ ದೋಣಿಯಿತ್ತು. ಅದಕ್ಕೊಂದು ನಿಯಮವಿತ್ತು: ದೋಣಿ ಕಡಲಿಗಿಳಿದರೆ ಮನೆಯವನೊಬ್ಬ ಅದರಲ್ಲಿರಬೇಕು. ಕೂಲಿಯವರು ಎಷ್ಟೇ ಒಳ್ಳೆಯವರಿರಲಿ, ನಮ್ಮ ಮನೆಯ ಒಂದು ಜೀವ ದೋಣಿಯಲ್ಲಿಲ್ಲದಿದ್ದರೆ ಕಡಲು ಮರ್ಯಾದೆ ಕೊಡುವುದಿಲ್ಲ ಎಂಬುದು ಮಾವನ ನಂಬಿಕೆ. ಅಷ್ಟು ವರ್ಷ ಅವರೇ ಹೋಗುತ್ತಿದ್ದರು. ಈಗ ಮೊಣಕಾಲು ಕೈಕೊಟ್ಟಿತ್ತು. ಮುಂದಿನ ಸರದಿ ಅಣ್ಣನದ್ದು.

ಅಣ್ಣನಿಗೆ ಕಡಲು ಒಗ್ಗುತ್ತಿರಲಿಲ್ಲ. ಮೀನುಗಾರರ ಮನೆಯಲ್ಲಿ ಇದನ್ನು ಬಾಯಿಬಿಟ್ಟು ಹೇಳುವುದು ಕಷ್ಟ. ಹಿಂದಿನ ವರ್ಷ ಅವನನ್ನು ಒಮ್ಮೆ ಕರೆದುಕೊಂಡು ಹೋಗಿದ್ದರು. ಹೊಳೆ ಕಡಲು ಸೇರುವ ಅಳಿವೆಬಾಗಿಲು ದಾಟುವ ಮೊದಲೇ ವಾಂತಿ ಶುರುವಾಗಿ, ತಿರುಗಿ ದೋಣಿ ಕಟ್ಟುವ ಧಕ್ಕೆಗೆ ಬರುವ ತನಕ ನಿಲ್ಲಲಿಲ್ಲ. ಕೂಲಿಯವರು ಅವನನ್ನು ಐಸಿನ ಪೆಟ್ಟಿಗೆಗೆ ಒರಗಿಸಿ, ಬಲೆಯ ಮೇಲೆ ಬೀಳದ ಹಾಗೆ ಹಗ್ಗದಿಂದ ಕಟ್ಟಿದ್ದರು. ಮನೆಗೆ ಬಂದಾಗ ಅವನ ಕಣ್ಣುಗಳು ಒಳಗೆ ಹೋಗಿದ್ದವು. ಗಂಜಿಯ ತಿಳಿಯೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಅಮ್ಮ ಆ ರಾತ್ರಿ ಏನೂ ಮಾತಾಡಲಿಲ್ಲ. ಬಂದರಿನ ಮೀನು ಮಾರ್ಕೆಟಿನಲ್ಲಿ ಅಮ್ಮನ ದನಿ ಎಲ್ಲರಿಗಿಂತ ದೊಡ್ಡದು. ಆಕೆ ಸುಮ್ಮನಿದ್ದರೆ ವಿಷಯ ಗಂಭೀರ ಎಂದೇ ಅರ್ಥ.

ಹಾಗಾಗಿ ಅಣ್ಣ ನೆಲದ ಮೇಲಿನ ದಾರಿ ಹುಡುಕಿದ. ಮದುವೆ ದಿಬ್ಬಣಕ್ಕೆ ಕಾರು ಬಾಡಿಗೆಗೆ ಬಿಡುವುದು. ಊರಿನಲ್ಲಿ ಬಾಡಿಗೆ ಕಾರುಗಳಿಗೆ ಬರವಿರಲಿಲ್ಲ, ಆದರೆ ಎಲ್ಲವೂ ಒಂದೇ ಆಕಾರದವು. ಮದುಮಗಳು ಇಳಿದ ಮೇಲೆ ಯಾವ ಕಾರು ಯಾರದ್ದೆಂದು ಡ್ರೈವರುಗಳಿಗೇ ಗೊತ್ತಾಗುತ್ತಿರಲಿಲ್ಲ. ಅಣ್ಣನ ಕಾರು ಯಾರೂ ಅದುವರೆಗೆ ನೋಡಿರದಂಥದ್ದಾಗಿರಬೇಕಿತ್ತು. ಈ ಆಸೆಯೊಂದು ಪೂರ್ತಿಯಾಗಿ ಈಡೇರಿತು.

ಮುಚ್ಚಿಹೋಗುತ್ತಿದ್ದ ಹಂಚಿನ ಕಾರ್ಖಾನೆಯೊಂದರಿಂದ ಅವನು ಹಳೆಯ ವ್ಯಾನಿನ ಇಂಜಿನ್ ಮತ್ತು ಚಾಸಿ ತಂದ. ಅದರ ಮೇಲೆ ಮರದ ಬಾಡಿ ಕಟ್ಟುವ ಕೆಲಸ ಹೊಳೆಬದಿಯ ದೋಣಿ ಬಡಗಿಗೆ ಸಿಕ್ಕಿತು. ಬಡಗಿ ಆ ತನಕ ಕಟ್ಟಿದ್ದು ದೋಣಿಗಳನ್ನು ಮಾತ್ರ. ಹಾಗಾಗಿ ಕಾರಿನ ಮೂತಿ ಚೂಪಾಗಿ ಸ್ವಲ್ಪ ಮೇಲೆದ್ದಿತು, ಹಲಗೆಗಳ ಸಂದಿಗೆ ಹತ್ತಿ ತುಂಬಿ ನೀರು ಬಾರದಂತೆ ಮಾಡಲಾಯಿತು, ಬಾಗಿಲುಗಳನ್ನು ಇಡಲೇ ಇಲ್ಲ. ಅಮ್ಮ ಬಂದು ನೋಡಿ, ಮದುಮಗಳು ಸೀರೆ ಎತ್ತಿ ಬದಿಯಿಂದ ಹತ್ತಬೇಕಾ ಎಂದು ಕೇಳಿದ ಮೇಲೆ ಗರಗಸ ತಂದು ಬಾಗಿಲು ಕೊಯ್ದರು.

ಮಾವನ ಒಪ್ಪಿಗೆಯಿಲ್ಲದೆ ನಮ್ಮ ಮನೆಯಲ್ಲಿ ಏನೂ ಆಗುವಂತಿಲ್ಲ. ಅವರು ಬೇಡ ಎನ್ನಲಿಲ್ಲ, ಷರತ್ತು ಹಾಕಿದರು. ಕಾಟಿಪಳ್ಳದಲ್ಲಿ ಅಮ್ಮನ ತಂಗಿಯ ಮನೆಯಿತ್ತು. ಹೊಸ ಬಂದರಿಗೆ ಜಾಗ ಹೋದಾಗ ಅವರಿಗೆ ಅಲ್ಲಿ ಸೈಟು ಸಿಕ್ಕಿತ್ತು. ಮಳೆಗಾಲ ಮುಗಿದು ದೋಣಿಗಳು ಇಳಿಯುವಾಗ ಮಾಡುವ ಸಮುದ್ರ ಪೂಜೆಯ ಮೊದಲು ಮಾವನನ್ನೂ ಅಮ್ಮನನ್ನೂ ಅಲ್ಲಿಗೆ ಕರೆದುಕೊಂಡು ಹೋಗಿ ತರಬೇಕು.

"ದಾರಿಯಲ್ಲಿ ನಿಲ್ಲಬಾರ್ದು. ನಿಲ್ಲದೆ ಹೋಗಿ ಬಂದರೆ ನಿನಗೆ ಕಾರು. ನಿಂತರೆ ನೀನು ದೋಣಿ ಹತ್ತು. ಮತ್ತೆ ನನ್ನ ಹತ್ರ ವಾಂತಿಯ ಕಥೆ ಹೇಳ್ಬೇಡ."

ಅಣ್ಣ ತಲೆಯಾಡಿಸಿದ. ಐಸಿನ ಪೆಟ್ಟಿಗೆಯ ಪಕ್ಕದಲ್ಲಿ ಕೂತವನಿಗೆ ಬೇರೆ ಯಾವ ಷರತ್ತೂ ದೊಡ್ಡದಲ್ಲ.

ಇಂಜಿನ್ ಚೆನ್ನಾಗಿಯೇ ಇತ್ತು. ಕೆಟ್ಟಿದ್ದು ಮುಂದಿನ ಚಕ್ರಗಳ ಬೇರಿಂಗ್. ಹಂಚು ಹೊತ್ತು ಹೊತ್ತು ಅವು ಸವೆದಿದ್ದವು. ಚಾಸಿಯನ್ನು ತಳ್ಳಿದರೆ ಚಕ್ರಗಳು ಗೊಣಗುತ್ತಿದ್ದವು. ಬದಲಾಯಿಸಲೇಬೇಕಿತ್ತು, ಬದಲಿಗೆ ಯಾವುದು ಎಂಬಲ್ಲಿಂದ ನಮ್ಮ ಮಹಾಸಭೆ ಆರಂಭವಾಯಿತು.

ನನ್ನ ಸಲಹೆ ಎಲ್ಲಕ್ಕಿಂತ ಮೊದಲು ಬಂತು, ಎಲ್ಲಕ್ಕಿಂತ ಮೊದಲು ತಳ್ಳಿಹಾಕಲ್ಪಟ್ಟಿತು. ವ್ಯಾನಿನಲ್ಲಿ ಏನಿತ್ತೋ ಅದೇ ಹಾಕಿ ಎಂದೆ. ಒಳಗೊಂದು ಹೊರಗೊಂದು ಉರುಳೆಯ ಬೇರಿಂಗ್, ನಡುವೆ ಗ್ರೀಸ್, ಮೇಲೆ ಒಂದು ಮುಚ್ಚಳ. ಟ್ಯಾಕ್ಸಿಯವರೆಲ್ಲ ಹಾಕುವುದು ಅದನ್ನೇ. ಕೆಟ್ಟರೆ ಸೋಮವಾರ ಬೆಳಿಗ್ಗೆ ಬಂದರಿನ ಯಾವ ಅಂಗಡಿಗೆ ಹೋದರೂ ಸಿಗುತ್ತದೆ. ಒಂದು ಸಾಮಾನನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಸಿಗುವ ಸಾಮಾನಿನಲ್ಲಿ ಗಂಡಸರಿಗೆ ಏನು ಗೌರವ?

"ನಿನಗೆ ಸೀಟಿ ಊದ್ಲಿಕ್ಕೆ ಗೊತ್ತುಂಟು. ಇದು ಮೆಕ್ಯಾನಿಕ್ ವಿಷಯ," ಎಂದ ಅಣ್ಣ. ಅವನು ಮೆಕ್ಯಾನಿಕ್ ಆಗಿ ಆಗ ಹದಿನೈದು ದಿನವಾಗಿತ್ತು.

ಒಬ್ಬರು ಮಿಲಿಟರಿ ಜೀಪಿನ ಹಬ್, ಅಂದರೆ ಬೇರಿಂಗ್ ಕೂರುವ ಚಕ್ರದ ನಡುಭಾಗ, ಹುಡುಕಲು ಹೇಳಿದರು, ಅದು ಯುದ್ಧ ನೋಡಿದ್ದೆಂದು. ಇನ್ನೊಬ್ಬರು ಲಾರಿಯದ್ದನ್ನೇ ಹಾಕಿದರೆ ಮೊಮ್ಮಕ್ಕಳ ಕಾಲದ ತನಕ ನೋಡಬೇಕಾಗಿಲ್ಲ ಎಂದರು. ಅದನ್ನು ಹಾಕಿದರೆ ಕಾರಿಗಿಂತ ಚಕ್ರವೇ ಭಾರವಾಗುತ್ತದೆಂಬುದು ಅವರಿಗೆ ಚಿಕ್ಕ ವಿಷಯ. ಬಡಗಿ ಮಾತ್ರ ಯಾವ ಪಕ್ಷಕ್ಕೂ ಸೇರಲಿಲ್ಲ. ಚಕ್ರವೇ ಇಲ್ಲದಿದ್ದರೆ ಈ ಗಲಾಟೆ ಇಲ್ಲ, ನೇತ್ರಾವತಿಗೆ ಇಳಿಸಿದರೆ ಈಗಲೇ ತೇಲುತ್ತದೆ ಎಂದ. ಅವನಿಗೆ ತನ್ನ ಕೆಲಸದ ಮೇಲೆ ಅಭಿಮಾನವಿತ್ತು.

ಇಷ್ಟರಲ್ಲಿ ನನ್ನ ಗಂಡ ರಜೆಯಲ್ಲಿ ಬಂದರು.

ಗಲ್ಫಿನಿಂದ ಬಂದವರ ಪೆಟ್ಟಿಗೆ ಬಿಚ್ಚುವುದೆಂದರೆ ಆ ಕಾಲದಲ್ಲಿ ಕೇರಿಗೆಲ್ಲ ಕಾರ್ಯಕ್ರಮ. ಸೆಂಟು, ಹಾಲಿನ ಪುಡಿ, ಕಂಬಳಿ, ಎರಡು ಟಾರ್ಚು. ಎಲ್ಲಕ್ಕಿಂತ ಅಡಿಯಲ್ಲಿ, ನನಗೆಂದು ನಾನು ಭಾವಿಸಿದ ಹೊಸ ಟರ್ಕಿ ಟವೆಲಿನಲ್ಲಿ ಸುತ್ತಿದ ಎರಡು ಭಾರದ ಗಂಟುಗಳು. ಬಿಚ್ಚಿದರೆ ಕಬ್ಬಿಣ. ಟವೆಲಿನ ತುಂಬ ಗ್ರೀಸ್.

"ಭಾವನಿಗೆ," ಎಂದರು ನಮ್ಮವರು. ಕಾರಿನ ಸುದ್ದಿ ಅವರಿಗೆ ಪತ್ರದಲ್ಲಿ ನಾನೇ ಬರೆದಿದ್ದೆ, ತಮಾಷೆಗೆ. ತಮಾಷೆಯನ್ನು ಅವರು ಯಾವಾಗಲೂ ಸಾಮಾನಿನ ಪಟ್ಟಿಯೆಂದು ಓದುವವರು.

ಅಲ್ಲಿನ ಗುಜರಿಯಲ್ಲಿ, ಯಾವುದೋ ದೊಡ್ಡ ಅಮೇರಿಕನ್ ಕಾರಿನಿಂದ ಬಿಚ್ಚಿಸಿ ತಂದ ಹಬ್‌ಗಳು ಅವು. ನಮ್ಮ ಕಡೆ ಯಾರೂ ಅಂಥದ್ದನ್ನು ನೋಡಿರಲಿಲ್ಲ. ಹಬ್ ಮತ್ತು ಬೇರಿಂಗ್ ಬೇರೆ ಬೇರೆಯಲ್ಲ, ಎರಡೂ ಸೇರಿ ಒಂದೇ ಮುದ್ದೆ. ಗ್ರೀಸನ್ನು ಕಾರ್ಖಾನೆಯಲ್ಲೇ ತುಂಬಿ ಎರಡು ಕಡೆಯೂ ಸೀಲು ಹಾಕಿ ಮುಚ್ಚಿದ್ದರು. ಹಿಂದಿನಿಂದ ಬೋಲ್ಟ್ ಬಿಗಿದರೆ ಕೂತಿತು, ಬೋಲ್ಟ್ ಬಿಚ್ಚಿದರೆ ಬಂತು. ನಮ್ಮವರು ಒಂದನ್ನು ಅಂಗೈಯಲ್ಲಿಟ್ಟು ಇನ್ನೊಂದು ಕೈಯ ಬೆರಳಿನಿಂದ ತಿರುಗಿಸಿದರು. ಸದ್ದಿಲ್ಲದೆ ತಿರುಗಿತು. ಕೇರಿಯ ಗಂಡಸರೆಲ್ಲ ಮಗು ಮೊದಲ ಹೆಜ್ಜೆಯಿಟ್ಟದ್ದನ್ನು ನೋಡಿದವರಂತೆ ನೋಡಿದರು.

ನಮ್ಮವರು ಅಲ್ಲಿ ಸಿಮೆಂಟ್ ಗೋದಾಮಿನ ಸ್ಟೋರ್‌ಕೀಪರ್. ವಿಮಾನ ಇಳಿದ ಕೂಡಲೇ ಅವರು ಎಂಜಿನಿಯರ್ ಆಗುತ್ತಾರೆ. ಇದು ಅವರೊಬ್ಬರ ರೋಗವಲ್ಲ, ಆ ಕಾಲದ ಎಲ್ಲ ಗಲ್ಫಿನವರದ್ದು. ಇದು ಸರಿಯಾದ ಅಳತೆಯದ್ದಾ ಎಂದು ನಾನು ಕೇಳಿದಾಗ, ಅಳತೆಯೆಲ್ಲ ಹೊಂದಿಸಿದರೆ ಹೊಂದುತ್ತದೆ ಎಂದರು. ಹೊಂದಿಸುವುದೆಂದರೆ ಏನೆಂದು ಮರುದಿನ ಗೊತ್ತಾಯಿತು. ಬಂದರಿನ ಲೇತ್ ಅಂಗಡಿಯಲ್ಲಿ ವ್ಯಾನಿನ ಅಚ್ಚಿನ ತುದಿಗಳನ್ನು ಕತ್ತರಿಸಿ ಹಾಕಿದರು, ಅಲ್ಲಿಗೆ ಹೊಸ ಹಬ್ ಕೂರಲು ದಪ್ಪ ತಗಡಿನ ಬಿಲ್ಲೆ ಮಾಡಿಸಿ ವೆಲ್ಡ್ ಹೊಡೆಸಿದರು. ಚಕ್ರದ ತೂತುಗಳಿಗೂ ಹಬ್ಬಿನ ಬೋಲ್ಟುಗಳಿಗೂ ಹೊಂದಿಕೆಯಾಗಲಿಲ್ಲ. ಚಕ್ರಕ್ಕೆ ಹೊಸ ತೂತು ಕೊರೆದರು. ಹಳೆಯದಕ್ಕೆ ಹಿಂದಿರುಗುವ ದಾರಿಯೆಲ್ಲ ಮುಚ್ಚಿದ ಮೇಲೆ ನಮ್ಮವರೂ ಅಣ್ಣನೂ ಚಹಾ ಕುಡಿದು ಮನೆಗೆ ಬಂದರು, ತುಂಬ ಸಂತೋಷದಲ್ಲಿ.

ನ್ಯಾಯವಾಗಿ ಹೇಳಬೇಕೆಂದರೆ ಕೂರಿಸಿದ ಮೇಲೆ ಅದು ಚೆನ್ನಾಗಿಯೇ ಇತ್ತು. ಜ್ಯಾಕ್ ಹಾಕಿ ಚಕ್ರ ಎತ್ತಿ, ಬಂದವರಿಗೆಲ್ಲ ನಮ್ಮವರು ಒಂದು ಬೆರಳಿನಿಂದ ತಿರುಗಿಸಿ ತೋರಿಸಿದರು. ನೋಡಲು ಉಳ್ಳಾಲದಿಂದಲೂ ಜನ ಬಂದರು. ಸಭೆ ಒಮ್ಮತದಿಂದ ಫಾರಿನ್ ಹಬ್ಬಿನ ಪರವಾಯಿತು. ಜೀಪಿನವರೂ ಲಾರಿಯವರೂ ತಾವು ಮೊದಲೇ ಹೀಗೆ ಹೇಳಿದ್ದೆವೆಂದು ನೆನಪಿಸಿಕೊಂಡರು.

ಒಪ್ಪದವರು ಮಾವ ಒಬ್ಬರೇ. ಅವರು ಚಕ್ರದ ಸುತ್ತ ಕುಂಟುತ್ತಾ ಬಂದು, ಬಗ್ಗಿ, ಹಿಂದೆ ಮುಂದೆ ಬೆರಳಾಡಿಸಿ ಏನೋ ಹುಡುಕಿದರು.

"ಇದಕ್ಕೆ ಎಣ್ಣೆ ಎಲ್ಲಿ ಹಾಕುದು?"

"ಹಾಕುದೇ ಬೇಡ ಮಾವ," ಎಂದರು ನಮ್ಮವರು. "ಸಾಯುವ ತನಕ ಎಂತದೂ ಬೇಡ."

"ಯಾರು ಸಾಯುವ ತನಕ?"

ಎಲ್ಲರೂ ನಕ್ಕರು. ಮಾವ ನಗಲಿಲ್ಲ. ಮಾವನನ್ನು ಬಲ್ಲವರಿಗೆ ಅದು ಆಗಲೇ ಅರ್ಥವಾಗಬೇಕಿತ್ತು. ಅವರ ಆಯುಷ್ಯವೆಲ್ಲ ಹೋದದ್ದು ಮರಕ್ಕೆ ಎಣ್ಣೆ ಕೊಡುವುದರಲ್ಲಿ. ಪ್ರತಿ ಮಳೆಗಾಲ ದೋಣಿಯ ಹೊಟ್ಟೆಗೆ ಬೂತಾಯಿ ಮೀನಿನ ಎಣ್ಣೆ ಹಚ್ಚುವುದು ನಮ್ಮ ಕಡೆಯ ಪದ್ಧತಿ. ಡಬ್ಬಿಗಟ್ಟಲೆ ಎಣ್ಣೆ, ತೆಂಗಿನ ನಾರಿನ ಕುಂಚ, ಪದರದ ಮೇಲೆ ಪದರ. ಅದು ಒಣಗಿ ಅಂಟಿನ ಹಾಗೆ ಮರಕ್ಕೆ ಹಿಡಿಯುತ್ತದೆ, ಉಪ್ಪುನೀರನ್ನು ಒಳಗೆ ಬಿಡುವುದಿಲ್ಲ. ಎಣ್ಣೆ ಬೇಡವೆನ್ನುವ ವಸ್ತುವನ್ನು ಮಾವ ಅದುವರೆಗೆ ಕಂಡಿರಲಿಲ್ಲ. ಊಟ ಬೇಡವೆನ್ನುವ ನೆಂಟನ ಹಾಗೆ ಅದರ ಮೇಲೆ ಅವರಿಗೆ ಸಂಶಯ ಬಂತು.

ಕಾಟಿಪಳ್ಳಕ್ಕೆ ಹೋಗುವುದು ಒಂದು ಭಾನುವಾರವೆಂದು ಗೊತ್ತಾಯಿತು. ಹಿಂದಿನ ದಿನ ಕಾರಿಗೆ ಬಣ್ಣ ಬಳಿದದ್ದು, ದೋಣಿಗೆ ತಂದು ಉಳಿದ ನೀಲಿ. ನಾನು ಶಾಲೆಯಿಂದ ಬಂದವಳು ನೋಡಲು ಹೋದೆ. ಎಡಬದಿಯ ಚಕ್ರದ ಹತ್ತಿರ ನಿಂತಾಗ ಮೂಗಿಗೆ ಬೂತಾಯಿ ಎಣ್ಣೆ ಹೊಡೆಯಿತು, ಬಣ್ಣದ ವಾಸನೆಯನ್ನೂ ಮೀರಿ. ನಾನು ಹೇಳಿದೆ. ಅಣ್ಣನಿಗೂ ಹೇಳಿದೆ, ನಮ್ಮವರಿಗೂ ಹೇಳಿದೆ.

"ದೋಣಿಗಳ ನಡುವೆ ನಿಂತು ಬೂತಾಯಿ ವಾಸನೆ ಅಂತೀಯಲ್ಲ," ಎಂದ ಅಣ್ಣ. "ಮತ್ತೆಂತ ಬರ್ಬೇಕು, ಮಲ್ಲಿಗೆಯದ್ದಾ?"

ನಮ್ಮವರು, ಓದುವಾಗ ಹಾಸ್ಟೆಲಿನಲ್ಲಿದ್ದು ನನ್ನ ಮೂಗು ನಾಜೂಕಾಗಿದೆ ಎಂದರು. ನಮ್ಮ ಮನೆಗಳಲ್ಲಿ ಆ ಎಣ್ಣೆಯ ವಾಸನೆ ಗೋಡೆಯಲ್ಲಿದೆ, ಹೊದಿಕೆಯಲ್ಲಿದೆ, ಗಂಡಸರ ತಲೆಗೂದಲಿನಲ್ಲಿದೆ. ಅದನ್ನು ವಾಸನೆಯೆಂದು ಗುರುತಿಸಲು ಕೆಲವು ವರ್ಷ ಬೇರೆ ಕಡೆ ಇದ್ದು ಬರಬೇಕು. ಗಲ್ಫಿಗೆ ಹೋದರೂ ನಮ್ಮವರಿಗೆ ಅದು ಸಾಧ್ಯವಾಗಿರಲಿಲ್ಲ.

ಭಾನುವಾರ ಮಳೆಯಿರಲಿಲ್ಲ. ಅಣ್ಣ ಸ್ಟೀರಿಂಗ್ ಹಿಡಿದ, ಪಕ್ಕದಲ್ಲಿ ನಮ್ಮವರು, ಹಿಂದೆ ಅಮ್ಮ, ಮಾವ, ನಾನು. ಮಂಗಳಾದೇವಿ ದೇವಸ್ಥಾನದ ಎದುರು ಅಮ್ಮ ಒಂದು ತೆಂಗಿನಕಾಯಿ ಒಡೆಸಿದರು. ನೀಲಿ ಮೂತಿಯ ನಮ್ಮ ವಾಹನ ಹಂಪನಕಟ್ಟೆಗೆ ಬಂದಾಗ ಪೊಲೀಸಿನವನು ಕೈ ಎತ್ತುವುದನ್ನು ಮರೆತು ನೋಡುತ್ತ ನಿಂತ. ಬಸ್ಸಿನ ಕಿಟಕಿಗಳಿಂದ ತಲೆಗಳು ಹೊರಬಂದವು. ಕೊಟ್ಟಾರದಲ್ಲಿ ಸೈಕಲಿನವನೊಬ್ಬ ನಮ್ಮ ಜೊತೆಜೊತೆಗೇ ಬರುತ್ತಾ, ಇದು ಹೊಳೆ ದಾಟುವಾಗ ಸಂಕದ ಮೇಲೆ ಹೋಗುತ್ತದಾ, ಕೆಳಗಿನಿಂದಾ ಎಂದು ಕೇಳಿದ. ಅಣ್ಣನಿಗೆ ಸಿಟ್ಟು ಬರಲಿಲ್ಲ. ಅವನ ಕಿವಿ ಚಕ್ರಗಳ ಮೇಲಿತ್ತು. ಹಿಂದಿನಿಂದ ನನಗೆ ಕಾಣುತ್ತಿದ್ದದ್ದು ಅವನ ಕುತ್ತಿಗೆ ಮಾತ್ರ. ಅದು ಅಷ್ಟು ಬಿಗಿಯಾಗಿದ್ದುದನ್ನು ನಾನು ನೋಡಿರಲಿಲ್ಲ.

ಕೂಳೂರು ಸಂಕದ ಮೇಲೆಯೇ ದಾಟಿದೆವು. ಹೆದ್ದಾರಿ ನೇರವಾಯಿತು, ಅಣ್ಣ ಸ್ವಲ್ಪ ವೇಗ ಹಿಡಿದ. ನಮ್ಮವರು ಹಿಂದಕ್ಕೆ ತಿರುಗಿ, ಸದ್ದು ಕೇಳ್ತದಾ ಮಾವ ಎಂದು ಕೇಳಿದರು. ಕೇಳುವುದಿಲ್ಲ ಎಂದು ಮಾವ ಒಪ್ಪಿಕೊಳ್ಳಬೇಕೆಂಬುದು ಪ್ರಶ್ನೆಯ ಉದ್ದೇಶ.

"ಕೇಳ್ತದೆ," ಎಂದರು ಮಾವ.

ನಿಜಕ್ಕೂ ಕೇಳುತ್ತಿತ್ತು. ಎಡಗಡೆ ಮುಂದಿನಿಂದ ಒಂದು ಸಣ್ಣ ಗೊರಕೆ, ಆಮೇಲೆ ಮರ ಕೊಯ್ಯುವ ಸದ್ದು. ಅದರ ಹಿಂದೆಯೇ ಹೊಗೆ. ಪಣಂಬೂರಿನ ಹತ್ತಿರ ಎಡ ಚಕ್ರ ಒಮ್ಮೆ ಹಲ್ಲು ಕಡಿದು ತಿರುಗುವುದನ್ನು ನಿಲ್ಲಿಸಿತು. ಕಾರು ತಾನಾಗಿಯೇ ಎಡಕ್ಕೆಳೆದು ರಸ್ತೆಬದಿಯ ಮರಳಿನಲ್ಲಿ ಹೂತು ನಿಂತಿತು. ಬಡಗಿಯ ಕೆಲಸ ಗಟ್ಟಿ. ಒಂದು ಹಲಗೆಯೂ ಅಲುಗಲಿಲ್ಲ.

ಇಳಿದೆವು. ಹೊಗೆಯಲ್ಲಿದ್ದ ವಾಸನೆಯ ಬಗ್ಗೆ ಈಗ ಯಾವ ನಾಜೂಕು ಮೂಗೂ ಬೇಕಿರಲಿಲ್ಲ. ಕಾವಲಿಯಲ್ಲಿ ಬೂತಾಯಿ ಕರಿದ ಹಾಗಿತ್ತು. ಮೊದಲು ಬಂದದ್ದು ಎರಡು ನಾಯಿಗಳು. ಆಮೇಲೆ ಹತ್ತಿರದ ಗೂಡಂಗಡಿಯವನು ಬಂದು, ಮೀನು ಎಲ್ಲಿ ಕಾಯಿಸ್ತಾ ಇದ್ದೀರಿ, ಕಾರಿನ ಒಳಗಾ ಎಂದು ಸಹಜವಾಗಿಯೇ ವಿಚಾರಿಸಿದ.

ನಮ್ಮವರು ಚಕ್ರ ಬಿಚ್ಚಿದರು. ಸೀಲಿನ ಅಂಚು ಮೀನು ಸಿಗಿಯುವ ಕತ್ತಿಯಿಂದ ಎಬ್ಬಿಸಿದಂತೆ ಕಿತ್ತುಬಂದಿತ್ತು. ಒಳಗೆ ಗ್ರೀಸಿನ ಹೆಸರಿಲ್ಲ. ಕಂದುಬಣ್ಣದ ಅಂಟು, ಅದರಲ್ಲಿ ಸುಟ್ಟು ಕೂತ ಉರುಳೆಗಳು. ಬಲಗಡೆಯ ಚಕ್ರ ಎತ್ತಿ ತಿರುಗಿಸಿದರೆ ಮೊದಲಿನ ಹಾಗೆಯೇ ಸದ್ದಿಲ್ಲದೆ ತಿರುಗಿತು. ಅದರ ಸೀಲು ಗಟ್ಟಿಯಾಗಿತ್ತು.

ಯಾರೂ ಮಾವನ ಕಡೆ ನೋಡಲಿಲ್ಲ. ನೋಡಬೇಕಾದ ಅಗತ್ಯವಿರಲಿಲ್ಲ, ಅವರೇ ಹೇಳಿದರು. ನಾಚಿಕೆಯಿಂದಲ್ಲ, ಕೆಲಸ ಮಾಡಿದವನ ಹಕ್ಕಿನಿಂದ.

"ಒಳಗೆ ಎಂತದೋ ಹಳೆ ಗಲೀಜು ತುಂಬಿತ್ತು. ಸೀಮೆಎಣ್ಣೆ ಹಾಕಿ ಚಂದ ತೊಳ್ದೆ. ಮತ್ತೆ ನಮ್ಮ ಎಣ್ಣೆ ಕೊಟ್ಟೆ. ಮೂರು ಸಲ ಕೊಟ್ಟೆ."

"ಎಡಗಡೆಗೆ ಮಾತ್ರ ಎಂತಕ್ಕೆ ಮಾವ?" ಎಂದು ಕೇಳಿದ ಅಣ್ಣ.

"ಕಡಲು ಎಡಗಡೆ ಅಲ್ವಾ? ಉಪ್ಪು ಗಾಳಿ ಹೊಡೆಯುದು ಆ ಚಕ್ರಕ್ಕೆ."

ಬೋಳಾರದಿಂದ ಕಾಟಿಪಳ್ಳಕ್ಕೆ ಹೋಗುವಾಗ ಕಡಲು ಎಡಗಡೆಯೇ ಇರುವುದು, ಇದರಲ್ಲಿ ಮಾವನದ್ದೇನೂ ತಪ್ಪಿಲ್ಲ. ತಿರುಗಿ ಬರುವಾಗ ಬಲಗಡೆಗೆ ಬರುತ್ತದೆಂಬುದನ್ನು ಅವರು ಯೋಚಿಸಿರಲಿಲ್ಲ. ದೋಣಿಗೆ ಕಡಲು ಎರಡು ಕಡೆಯೂ ಇರುವುದರಿಂದ ಈ ಲೆಕ್ಕ ಅವರಿಗೆ ಹಿಂದೆ ಎಂದೂ ಬಂದಿರಲಿಲ್ಲ.

ಇದೆಲ್ಲವೂ ಪ್ರೀತಿಯಿಂದ ಮಾಡಿದ್ದೆಂಬುದರಲ್ಲಿ ನನಗೆ ಸಂಶಯವಿಲ್ಲ. ಅಳಿಯ ಸೋಲಬೇಕೆಂದಿದ್ದರೆ ಅವರು ಸುಮ್ಮನೆ ಕೂತರೆ ಸಾಕಿತ್ತು. ಕುಂಟುವ ಕಾಲಿನಲ್ಲಿ ಬಗ್ಗಿ ಮೂರು ಸಲ ಎಣ್ಣೆ ಕೊಡಬೇಕಿರಲಿಲ್ಲ. ನಮ್ಮ ಮನೆಯಲ್ಲಿ ಹಾಳಾದದ್ದೆಲ್ಲ ಪ್ರೀತಿಯಿಂದಲೇ ಹಾಳಾದದ್ದು. ಆದರೆ ಷರತ್ತು ಷರತ್ತೇ ಎನ್ನುವುದರಲ್ಲೂ ಮಾವನಿಗೆ ಸಂಶಯವಿರಲಿಲ್ಲ. ಅವರು ಮರಳಿನಲ್ಲಿ ಹೂತ ಚಕ್ರವನ್ನು ನೋಡಿ, ನಿಧಾನವಾಗಿ, ಬೇಸರದಿಂದಲೇ ಅಂದರು:

"ನಿಂತಿತಲ್ಲ ಮಗ. ಪೂಜೆಯ ಮರುದಿನ ದೋಣಿ ಇಳಿತದೆ. ಚೀಲ ಕಟ್ಟು."

ಅಣ್ಣ ರಸ್ತೆಬದಿಯ ಕಲ್ಲಿನ ಮೇಲೆ ಕೂತ. ದೋಣಿಯ ಹೆಸರೆತ್ತಿದ್ದಕ್ಕೇ ಅವನ ಮುಖ ಬಿಳಿಚಿತು, ನೆಲದ ಮೇಲೆಯೇ. ನಮ್ಮವರು ಬಾಯಿ ತೆರೆದರು, ಅಮೇರಿಕನ್ ಸಾಮಾನಿನ ಮಾನ ಉಳಿಸಲು ಏನೋ ಹೇಳಬೇಕೆಂದು. ನಾನು ಅವರ ಕಡೆ ನೋಡಿದೆ. ಬಾಯಿ ಮುಚ್ಚಿತು.

ಮಾತಾಡಿದ್ದು ಅಮ್ಮ. ಮಾರ್ಕೆಟಿನ ದನಿಯಲ್ಲ, ಅದಕ್ಕಿಂತ ತುಂಬ ಕೆಳಗಿನದ್ದು.

"ಕಾರು ನಿಲ್ಲಲಿಲ್ಲ ತಮ್ಮ, ನೀನು ನಿಲ್ಲಿಸಿದ್ದು."

"ನಾನು ಎಣ್ಣೆ ಕೊಟ್ಟದ್ದು ಅಕ್ಕ."

"ಗೊತ್ತುಂಟು. ಹುಡುಗ ಕೇಳಿದ್ದನಾ? ಆ ಕಬ್ಬಿಣ ಕೇಳಿತ್ತಾ?"

ಮಾವ ಕಾಲಿನಿಂದ ಚಕ್ರದ ಬದಿಯ ಮರಳು ಸರಿಸಿದರು.

"ಹೋದ ವರ್ಷ ಇವನು ಬಂದು ಬಿದ್ದಾಗ ನಾನು ಎಂತಾದ್ರು ಹೇಳಿದ್ದೇನಾ? ಇಲ್ಲ. ಈಗ ಹೇಳ್ತೇನೆ. ನನ್ನ ಮಗನನ್ನು ಹಗ್ಗದಲ್ಲಿ ಕಟ್ಟಿ ಕಳಿಸುದಿಲ್ಲ. ಮನೆಯವನೊಬ್ಬ ದೋಣಿಯಲ್ಲಿರಬೇಕಲ್ವಾ? ನೀನು ಮನೆಯವನೇ. ನೀನೇ ಹೋಗು."

"ನನ್ನ ಮೊಣಕಾಲು..."

"ಉಳಿದ ಎಣ್ಣೆ ಮೊಣಕಾಲಿಗೆ ಹಚ್ಚು."

ಗೂಡಂಗಡಿಯವನು ನಕ್ಕ. ಮಾವ ಅವನನ್ನು ನೋಡಿದರು, ಅವನು ನಾಯಿಗಳನ್ನು ಓಡಿಸಲು ಹೋದ. ನಮ್ಮ ಮನೆಯಲ್ಲಿ ಮಾತು ಸೋದರಮಾವನದ್ದೆಂದು ಮೊದಲೇ ಹೇಳಿದೆನಲ್ಲ; ಆ ಮಾತು ಅವರಿಗೆ ಬಂದದ್ದು ಅಕ್ಕನ ಮನೆಯಿಂದ, ಬೇಕಾದಾಗ ಅಕ್ಕ ಅದನ್ನು ವಾಪಸು ತೆಗೆದುಕೊಳ್ಳಬಹುದೆಂದು ಆ ದಿನ ಪಣಂಬೂರಿನಲ್ಲಿ ಎಲ್ಲರಿಗೂ ತಿಳಿಯಿತು. ಅಣ್ಣ ತಲೆ ಎತ್ತಿದ. ನಾವು ಬಸ್ಸಿನಲ್ಲಿ ಕಾಟಿಪಳ್ಳಕ್ಕೆ ಹೋಗಿ, ಚಿಕ್ಕಮ್ಮ ಮಾಡಿದ ಕೋಳಿಸಾರಿನ ಕೋರಿರೊಟ್ಟಿ ತಿಂದು, ಬಸ್ಸಿನಲ್ಲೇ ಹಿಂದೆ ಬಂದೆವು. ಮಾವ ಎರಡು ಸಲ ಸಾರು ಹಾಕಿಸಿಕೊಂಡರು. ಕಾರನ್ನು ಮರುದಿನ ಲಾರಿಯಲ್ಲಿ ಹೊತ್ತು ತಂದರು.

ಆ ಮೇಲಿನ ವಾರ ಅಣ್ಣ ನನ್ನ ಹತ್ತಿರ ಏನನ್ನೂ ಕೇಳಲಿಲ್ಲ. ಆದರೆ ಸೋಮವಾರ ಬೆಳಿಗ್ಗೆ ಬಂದರಿನ ಅಂಗಡಿಗೆ ಹೋದ. ಹಂಚಿನ ಕಾರ್ಖಾನೆಯ ಇನ್ನೊಂದು ವ್ಯಾನಿನಿಂದ ಮುಂದಿನ ಅಚ್ಚು ಬಿಚ್ಚಿಸಿ ತಂದ. ಕತ್ತರಿಸಿದ್ದನ್ನು ಜೋಡಿಸುವ ಉಪಾಯ ನಮ್ಮವರಿಗೂ ಹೊಳೆದಿರಲಿಲ್ಲ. ಒಳಗೊಂದು ಹೊರಗೊಂದು ಉರುಳೆಯ ಬೇರಿಂಗ್ ಹಾಕಿಸಿದ, ಟ್ಯಾಕ್ಸಿಯವರು ಹಾಕುವಂಥದ್ದೇ. ಹೊಳೆಬದಿಯ ಸಭೆ ಸೇರಲಿಲ್ಲ. ಸಿಗುವ ಸಾಮಾನಿನ ಬಗ್ಗೆ ಅವರಿಗೆ ಹೇಳಲು ಏನೂ ಇರಲಿಲ್ಲ. ಸುಟ್ಟ ಹಬ್ಬನ್ನು ಬಡಗಿ ಲಂಗರಿಗೆ ಭಾರವೆಂದು ಒಯ್ದ. ಒಳ್ಳೆಯದನ್ನು ನಮ್ಮವರು ಟವೆಲಿನಲ್ಲಿ ಸುತ್ತಿ ಅಟ್ಟದ ಮೇಲಿಟ್ಟರು, ಎಂದಾದರೂ ಜೋಡಿ ಸಿಕ್ಕೀತೆಂದು. ದೋಣಿಯಲ್ಲಿ ಒಬ್ಬ ಮನೆಯವನು ಹೆಚ್ಚಿದ್ದರೆ ಒಳ್ಳೆಯದಿತ್ತು ಎಂದು ಮಾವ ಊಟದ ಹೊತ್ತಿಗೆ ನಮ್ಮವರ ಕಡೆ ನೋಡಿ ಹೇಳಿದ ಮೇಲೆ, ಅವರು ಕಂಪನಿಯಲ್ಲಿ ತುರ್ತು ಕೆಲಸವಿದೆಯೆಂದು ರಜೆ ಮುಗಿಯುವ ಮೊದಲೇ ವಿಮಾನ ಹತ್ತಿದರು.

ಸಮುದ್ರ ಪೂಜೆ ಮುಗಿದು ದೋಣಿಗಳು ಹೊರಡುವ ದಿನ ನಾನೂ ಅಮ್ಮನೂ ಧಕ್ಕೆಗೆ ಹೋದೆವು. ಅಣ್ಣ ಮಾವನನ್ನು ಕಾರಿನಲ್ಲೇ ಕರೆತಂದಿದ್ದ. ಅವನಿಗೆ ಆ ದಿನ ಬಿಜೈಯಲ್ಲಿ ಮೊದಲ ಬಾಡಿಗೆಯಿತ್ತು. ಕಾರಿನ ಮೇಲೆ ಅರ್ಧ ಕಟ್ಟಿದ ಅಬ್ಬಲಿಗೆ ಹೂವಿನ ಹಾರಗಳು ನೇತಾಡುತ್ತಿದ್ದವು. ಮಾವ ಇಳಿದರು. ದೋಣಿಯ ಕಡೆ ಹೋಗಲಿಲ್ಲ, ಎಡ ಚಕ್ರದ ಎದುರು ನಿಂತರು.

"ಇದಕ್ಕೆ ಎಣ್ಣೆ ಬೇಕಾ, ಬೇಡವಾ?"

"ಗ್ರೀಸ್ ಬೇಕು ಮಾವ. ಆಗಾಗ ಬಿಚ್ಚಿ ತುಂಬಿಸ್ಬೇಕು."

"ಬಿಚ್ಚು, ನೋಡುವ."

ಕೂಲಿಯವರು ದೋಣಿಯಿಂದ ಕೂಗುತ್ತಿದ್ದರು. ಅಣ್ಣ ಹೊಸ ಪಂಚೆ ಮಂಡಿಯ ತನಕ ಎತ್ತಿ ಕೂತು ಚಕ್ರದ ನಡುವಿನ ಮುಚ್ಚಳ ತೆಗೆದ. ಮಾವ ಬಗ್ಗಲಾರದೆ ಬಗ್ಗಿ ಕಿರುಬೆರಳಿನಿಂದ ಒಂದಿಷ್ಟು ಗ್ರೀಸ್ ತೆಗೆದು ಮೂಸಿದರು. ಮುಖ ಕಿವುಚಿದರು.

"ವಾಸನೆಯೇ ಇಲ್ಲ," ಎಂದರು. ಆದರೂ ಹೊಟ್ಟೆ ತುಂಬ ಉಣ್ಣುವ ವಸ್ತುವೊಂದನ್ನು ಕಂಡ ಸಮಾಧಾನ ಅವರ ಮುಖದಲ್ಲಿತ್ತು. ಬೆರಳನ್ನು ಅಣ್ಣನ ಹೊಸ ಪಂಚೆಗೆ ಒರೆಸಿ, ಕುಂಟುತ್ತಾ ಹೋಗಿ ದೋಣಿ ಹತ್ತಿದರು. ಅಣ್ಣ ಪಂಚೆಯ ಕಲೆ ಒಳಗೆ ಹೋಗುವ ಹಾಗೆ ಮಡಚಿ ಕಟ್ಟಿಕೊಂಡು ಮದುಮಗಳನ್ನು ಕರೆಯಲು ಬಿಜೈಗೆ ಹೊರಟ. ತಡವಾಗಿತ್ತು.